ಮ್ಯುಸ್ಕದೆ ವೈನ್: ಆರಿಸುವುದು, ಬಡಿಸುವುದು, ಜೊತೆಗೆ ಉಣ್ಣುವುದು

ಫ್ರಾನ್ಸಿನ ಪಶ್ಚಿಮ ಕರಾವಳಿಗೆ ಸಮೀಪದ ನಾಂತ್ ನಗರದಲ್ಲಿ ತಾಲಾಂಸಾಕ್ ಎಂಬ ಹಳೆಯ ಮಾರುಕಟ್ಟೆಯಿದೆ. ಭಾನುವಾರ ಬೆಳಿಗ್ಗೆ ಅಲ್ಲಿನ ಸಿಂಪಿ (ಆಯ್‌ಸ್ಟರ್ ಎಂಬ ಕಡಲ ಚಿಪ್ಪುಜೀವಿ) ಮಾರುವ ಅಂಗಡಿಯ ಮುಂದೆ ನಿಂತರೆ ಈ ವೈನಿನ ಅರ್ಧ ಪಾಠ ಮುಗಿದಂತೆಯೇ. ಅಂಗಡಿಯವರು ಮೋಟು ಚಾಕುವಿನಿಂದ ಚಿಪ್ಪನ್ನು ತೆರೆದು, ಆರು ಸಿಂಪಿಗಳನ್ನು ತಟ್ಟೆಯಲ್ಲಿ ಜೋಡಿಸಿ, ನಿಂಬೆಹೋಳು, ರೈ ಬ್ರೆಡ್ಡು, ಉಪ್ಪುಬೆಣ್ಣೆ ಇಟ್ಟು ಕೊಡುತ್ತಾರೆ. ಪಕ್ಕದಲ್ಲಿ ಒಂದು ಲೋಟ ತಣ್ಣನೆಯ, ಹೆಚ್ಚುಕಡಿಮೆ ನೀರಿನಷ್ಟೇ ತಿಳಿಯಾದ ಮ್ಯುಸ್ಕದೆ. ಮೊದಲು ವೈನನ್ನಷ್ಟೇ ಗುಟುಕರಿಸಿದರೆ ನಿಂಬೆಯ ಹುಳಿ, ಹಸಿರು ಸೇಬಿನ ಛಾಯೆ, ಅಷ್ಟೇ. ಒಂದು ಸಿಂಪಿ ತಿಂದು ಮತ್ತೆ ಗುಟುಕರಿಸಿದರೆ ಅದೇ ಲೋಟದಲ್ಲಿ ಬೇರೆಯೇ ವೈನ್ ಇದ್ದಂತಾಗುತ್ತದೆ: ಬಾಯಲ್ಲಿ ಉಳಿದ ಕಡಲಿನ ಉಪ್ಪು ಹುಳಿಯ ಮೊನೆಯನ್ನು ಮೆತ್ತಗಾಗಿಸುತ್ತದೆ, ಅಡಗಿದ್ದ ಹಣ್ಣಿನ ರುಚಿ ಮೇಲಕ್ಕೆ ಬರುತ್ತದೆ.

ಮ್ಯುಸ್ಕದೆಯನ್ನು ‘ಸಪ್ಪೆ’ ಎಂದು ತಳ್ಳಿಹಾಕುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಅದನ್ನು ಊಟವಿಲ್ಲದೆ ಕುಡಿದವರು ಎಂಬುದು ನನ್ನ ಖಚಿತ ಅಭಿಪ್ರಾಯ. ಉಪ್ಪಿನಕಾಯಿಯನ್ನು ಅನ್ನವಿಲ್ಲದೆ ತಿಂದು ಯಾರೂ ತೀರ್ಪು ಕೊಡುವುದಿಲ್ಲ. ಇದನ್ನೂ ಹಾಗೆಯೇ ನೋಡಬೇಕು. ಆದ್ದರಿಂದ ಈ ಬರಹದಲ್ಲಿ ಬಾಟಲಿಗೆ ಎಷ್ಟು ಜಾಗವಿದೆಯೋ ತಟ್ಟೆಗೆ ಅದಕ್ಕಿಂತ ಹೆಚ್ಚು ಜಾಗವಿದೆ.

ಇದು ಯಾವ ವೈನ್?

ಹೆಸರಿನಿಂದ ಶುರುಮಾಡೋಣ. ಬಾಟಲಿಯ ಮೇಲೆ Muscadet ಎಂದಿರುತ್ತದೆ, ಕೊನೆಯ ಅಕ್ಷರವನ್ನು ಉಚ್ಚರಿಸಬೇಡಿ. ‘ಮ್ಯುಸ್ಕದೆ’ ಎಂದರೆ ಸಾಕು. ಫ್ರಾನ್ಸಿನ ಹೆಚ್ಚಿನ ವೈನುಗಳಿಗೆ ಊರಿನ ಹೆಸರೋ ಸೀಮೆಯ ಹೆಸರೋ ಇರುತ್ತದೆ. ಮ್ಯುಸ್ಕದೆ ಎಂಬ ಊರಿಲ್ಲ, ಆ ಹೆಸರಿನ ದ್ರಾಕ್ಷಿಯೂ ಇಲ್ಲ. ಘಮಘಮಿಸುವ ಮಸ್ಕತ್ ದ್ರಾಕ್ಷಿಗೂ ಇದಕ್ಕೂ ನಂಟಿಲ್ಲ. ಆ ಸಿಹಿ ಪರಿಮಳವನ್ನು ನಿರೀಕ್ಷಿಸಿ ಕೊಂಡವರಿಗೆ ನಿರಾಸೆ ಖಂಡಿತ. ಇದನ್ನು ಮಾಡುವ ದ್ರಾಕ್ಷಿಯ ಹೆಸರು ‘ಮೆಲೊಂ’. ಮೂಲ ಪೂರ್ವ ಫ್ರಾನ್ಸಿನ ಬರ್ಗಂಡಿ ಸೀಮೆ. ಪಿನೋ ಮತ್ತು ಗುವೆ ಬ್ಲಾಂ ಎಂಬ ತಳಿಗಳಿಗೆ ಹುಟ್ಟಿದ್ದು ಎಂದು ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಗಿದೆ. ಜಗತ್ಪ್ರಸಿದ್ಧ ಶಾರ್ಡೊನೆ ಹುಟ್ಟಿದ್ದೂ ಇವೆರಡಕ್ಕೇ. ಹಾಗಾಗಿ ಮೆಲೊಂ ಮತ್ತು ಶಾರ್ಡೊನೆ ಒಡಹುಟ್ಟಿದವು.

ಬರ್ಗಂಡಿಯ ಬಳ್ಳಿ ಅಟ್ಲಾಂಟಿಕ್ ಅಂಚಿನ ನಾಂತ್‌ಗೆ ಬಂದು ಬೇರೂರಿದ್ದಕ್ಕೆ ಎರಡು ಕಾರಣಗಳು ಕೂಡಿಬಂದವು. 17ನೆಯ ಶತಮಾನದಲ್ಲಿ ಈ ಬಂದರಿಗೆ ಬರುತ್ತಿದ್ದ ಡಚ್ ವರ್ತಕರಿಗೆ ಬಟ್ಟಿ ಇಳಿಸಲು ಸಾಧಾರಣ ರುಚಿಯ ಬಿಳಿ ವೈನ್ ಬೇಕಿತ್ತು. ಅವರ ಒತ್ತಾಸೆಯಿಂದ ಬಿಳಿ ದ್ರಾಕ್ಷಿ ಹರಡಿತು. ಆಮೇಲೆ 1709ರ ಚಳಿಗಾಲದ ಭೀಕರ ಹಿಮಕ್ಕೆ ಇಲ್ಲಿನ ತೋಟಗಳು ಸತ್ತುಹೋದವು. ಮರುನಾಟಿಗೆ ಚಳಿ ತಡೆಯುವ, ಬೇಗ ಮಾಗುವ ಬಳ್ಳಿ ಬೇಕಾಯಿತು. ಮೆಲೊಂ ಅದಕ್ಕೆ ಹೊಂದಿತು. ಹಾಗೆಂದು ಅದು ಚಳಿಯನ್ನು ಗೆದ್ದ ಬಳ್ಳಿಯೇನಲ್ಲ. ವಸಂತದಲ್ಲಿ ಚಿಗುರೊಡೆದ ಮೇಲೆ ಹಿಮ ಬಿದ್ದರೆ ಅದಕ್ಕೂ ಉಳಿಗಾಲವಿಲ್ಲ. 1991ರ ಏಪ್ರಿಲ್‌ನಲ್ಲಿ ಇಲ್ಲಿನ ಬೆಳೆಗಾರರು ಫಸಲಿನ ಬಹುಪಾಲನ್ನು ಹಾಗೆಯೇ ಕಳೆದುಕೊಂಡರು.

ಮೊದಲ ಹೆಜ್ಜೆ: ಲೇಬಲ್ ಓದುವುದು

ಅಂಗಡಿಯಲ್ಲಿ ಎರಡು ಸಂಗತಿಗಳನ್ನು ಹುಡುಕಿ.

ಒಂದು, ‘ಸೆವ್ರ್ ಎ ಮೇನ್’ (Sèvre et Maine) ಎಂಬ ಹೆಸರು. ಇವು ನಾಂತ್‌ನ ಆಗ್ನೇಯಕ್ಕಿರುವ ಎರಡು ನದಿಗಳು. ಅವುಗಳ ಆಸುಪಾಸಿನ ದಿಬ್ಬಗಳಲ್ಲಿಯೇ ಮ್ಯುಸ್ಕದೆಯ ಬಹುಪಾಲು ಬೆಳೆಯುತ್ತದೆ. 1936ರಲ್ಲಿಯೇ ಕಾನೂನಿನ ಮಾನ್ಯತೆ ಪಡೆದ ಸೀಮೆ ಇದು. ಲ್ವಾರ್ ನದಿಯ ದಂಡೆಗೆ ಸೇರಿದ ‘ಕೋತೊ ದ ಲ ಲ್ವಾರ್’, ದೊಡ್ಡ ಸರೋವರವೊಂದರ ಸುತ್ತಲಿನ ‘ಕೋತ್ ದ ಗ್ರಾಂಲ್ಯೂ’ ಎಂಬ ಇನ್ನೆರಡು ಸೀಮೆಗಳಿವೆ. ಸಿಕ್ಕರೆ ಬಿಡಬೇಡಿ, ಆದರೆ ಹೊರದೇಶಗಳಲ್ಲಿ ಸಿಗುವುದು ಅಪರೂಪ.

ಎರಡನೆಯದು ಇನ್ನೂ ಮುಖ್ಯ: ‘ಸ್ಯುರ್ ಲಿ’ (sur lie) ಎಂಬ ಎರಡು ಪುಟ್ಟ ಪದಗಳು. ‘ಗಸಿಯ ಮೇಲೆ’ ಎಂದು ಅರ್ಥ. ದ್ರಾಕ್ಷಿರಸ ಹುದುಗಿ ವೈನಾದ ಮೇಲೆ ಕೆಲಸ ಮುಗಿಸಿದ ಯೀಸ್ಟ್ ಸತ್ತು ತಳ ಸೇರುತ್ತದೆ. ಬೇರೆ ಕಡೆಗಳಲ್ಲಿ ಹೆಚ್ಚಾಗಿ ಈ ಗಸಿಯನ್ನು ಬೇಗನೆ ಬೇರ್ಪಡಿಸಿಬಿಡುತ್ತಾರೆ. ಇಲ್ಲಿ ಹಾಗಲ್ಲ. ವೈನನ್ನು ಪಾತ್ರೆ ಬದಲಿಸದೆ ಇಡೀ ಚಳಿಗಾಲ ಆ ಗಸಿಯ ಮೇಲೆಯೇ ಮಲಗಿಸುತ್ತಾರೆ. ಮರುವರ್ಷದ ಮಾರ್ಚ್ 1ಕ್ಕೆ ಮೊದಲು ಬಾಟಲಿಗೆ ತುಂಬುವಂತಿಲ್ಲ. ಈ ಸೀಮೆಯ ನೆಲಮಾಳಿಗೆಗಳಿಗೆ ಹೋದರೆ ಮರದ ಪೀಪಾಯಿಗಳ ಸಾಲು ಕಾಣುವುದಿಲ್ಲ, ಬರೀ ನೆಲ ಕಾಣುತ್ತದೆ. ಅಲ್ಲಲ್ಲಿ ದುಂಡನೆಯ ಮುಚ್ಚಳಗಳು. ಕಾಲಡಿಯಲ್ಲಿ ಹೂತ ಕಾಂಕ್ರೀಟ್ ತೊಟ್ಟಿಗಳಲ್ಲಿ ವೈನ್ ತಂಪಾಗಿ ನಿದ್ದೆ ಮಾಡುತ್ತಿರುತ್ತದೆ.

ಇಷ್ಟು ತಿಂಗಳಲ್ಲಿ ಗಸಿ ನಿಧಾನವಾಗಿ ಕರಗಿ ವೈನಿಗೆ ಮೈ ತುಂಬಿಸುತ್ತದೆ. ಆಗತಾನೆ ಸುಟ್ಟ ಬ್ರೆಡ್ಡಿನ ನೆನಪು ತರುವ ಮೆಲುವಾಸನೆ, ನಾಲಗೆಗೆ ನವಿರಾದ ಒಂದು ಕೆನೆತನ ಬರುತ್ತದೆ. ಹುದುಗುವಾಗ ಹುಟ್ಟಿದ ಅನಿಲವೂ ಒಂದಿಷ್ಟು ಉಳಿದು ಮೊದಲ ಗುಟುಕಿಗೆ ನಾಲಗೆಯ ತುದಿಯನ್ನು ಚುರುಗುಟ್ಟಿಸುತ್ತದೆ. ಅದು ದೋಷವಲ್ಲ, ಗುಣ. ಈ ಎರಡು ಪದಗಳಿಲ್ಲದ ಅಗ್ಗದ ಮ್ಯುಸ್ಕದೆಗೂ ಇವುಳ್ಳ ಬಾಟಲಿಗೂ ಬೆಲೆಯಲ್ಲಿ ದೊಡ್ಡ ಅಂತರವಿರುವುದಿಲ್ಲ, ರುಚಿಯಲ್ಲಿ ಇರುತ್ತದೆ. ಆ ನಾಲ್ಕು ಕಾಸು ಉಳಿಸಲು ಹೋಗಬೇಡಿ.

ಇನ್ನೊಂದು ಮೆಟ್ಟಿಲು ಮೇಲೆ ಹೋಗುವ ಮನಸ್ಸಿದ್ದರೆ ಲೇಬಲ್ಲಿನಲ್ಲಿ ಹಳ್ಳಿಯ ಹೆಸರು ಹುಡುಕಿ. 2011ರಲ್ಲಿ ಕ್ಲಿಸೋಂ, ಗೋರ್ಜ್, ಲ ಪಾಲೆ ಎಂಬ ಮೂರು ಊರುಗಳ ವೈನಿಗೆ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ಅನಂತರ ಗುಲೆನ್, ಶಾತೊ ತೆಬೊ ಮೊದಲಾದವು ಸೇರಿಕೊಂಡವು. ಇವು ಗಸಿಯ ಮೇಲೆ ಒಂದೂವರೆ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಕಳೆಯುತ್ತವೆ. ವಿಚಿತ್ರವೆಂದರೆ, ಇವುಗಳ ಮೇಲೆ ‘ಸ್ಯುರ್ ಲಿ’ ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಆ ಪದ ಬರೆಯಬೇಕಾದರೆ ಇಂಥ ದಿನದೊಳಗೆ ಬಾಟಲಿಗೆ ತುಂಬಬೇಕೆಂಬ ಗಡುವೂ ಇದೆ, ಅದನ್ನು ಇವು ದಾಟಿರುತ್ತವೆ. ಅದು ಕಾಣಲಿಲ್ಲವೆಂದು ಬಾಟಲಿಯನ್ನು ಮರಳಿ ಇಡಬೇಡಿ. ಕ್ಲಿಸೋಂನದು ಕಣಶಿಲೆಯ ನೆಲ. ವೈನ್ ದುಂಡಗೆ, ಮಾಗಿದ ಹಣ್ಣಿನ ಸ್ವಭಾವದ್ದು. ಗೋರ್ಜ್‌ನದು ಗ್ಯಾಬ್ರೊ ಎಂಬ ಕಪ್ಪು ಶಿಲೆಯ ನೆಲ. ಅಲ್ಲಿನ ವೈನ್ ಬಿಗಿ, ಚೂರು ಕಹಿ, ಬಾಯಿ ಬಿಡಲು ವರ್ಷಗಳು ಬೇಕು. ಇಬ್ಬರು ಅಕ್ಕಪಕ್ಕದವರು, ಒಂದೇ ಬಳ್ಳಿ, ಕಲ್ಲು ಮಾತ್ರ ಬೇರೆ. ಎರಡನ್ನೂ ಒಂದೇ ಸಂಜೆ ಅಕ್ಕಪಕ್ಕದಲ್ಲಿಟ್ಟು ಸವಿಯುವ ಅವಕಾಶ ಸಿಕ್ಕರೆ ಬಿಡಬೇಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಮ್ಯುಸ್ಕದೆ ಎಂದಲ್ಲ, ಯಾವುದೇ ವೈನನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದ ಅಂಟು, ಮೊಟ್ಟೆಯ ಬಿಳಿ, ಹಾಲಿನ ಕೇಸಿನ್ ಬಳಸುವ ರೂಢಿಯಿದೆ. ಇದು ನಿಮಗೆ ಮುಖ್ಯವಾಗಿದ್ದರೆ ‘ವೀಗನ್’ ಗುರುತು ಇರುವ ಬಾಟಲಿಯನ್ನೇ ಆರಿಸಿ.

ಎರಡನೆಯ ಹೆಜ್ಜೆ: ತಂಪು

ಸಾಮಾನ್ಯ ಸ್ಯುರ್ ಲಿ ಬಾಟಲಿಗೆ 8ರಿಂದ 10 ಡಿಗ್ರಿ ಸೆಲ್ಸಿಯಸ್, ಹಳ್ಳಿಯ ಹೆಸರಿನ ವೈನಿಗೆ 10ರಿಂದ 12. ಫ್ರಿಜ್ಜಿನಿಂದ ನೇರವಾಗಿ ಲೋಟಕ್ಕೆ ಸುರಿದರೆ ಚಳಿಯೊಂದೇ ರುಚಿಸುತ್ತದೆ. ಕಾಲು ಗಂಟೆ ಮೊದಲು ಹೊರಗಿಡಿ. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ನೀರು, ಅರ್ಧ ಐಸ್ ಹಾಕಿ ಬಾಟಲಿಯನ್ನು ಕೊರಳಿನವರೆಗೆ ಮುಳುಗಿಸಿ. ಇಪ್ಪತ್ತು ನಿಮಿಷ ಸಾಕು. ಲೋಟದೊಳಗೆ ಐಸ್ ಹಾಕಬೇಡಿ. ಲೋಟ ಯಾವುದಾದರೂ ನಡೆಯುತ್ತದೆ.

ಮೂರನೆಯ ಹೆಜ್ಜೆ: ಸಿಂಪಿ

ಹಸಿ ಸಿಂಪಿ ಎಲ್ಲರಿಗೂ ಅಲ್ಲ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಮುಟ್ಟಬಾರದು. ಉಳಿದವರೂ ನಂಬಿಕೆಯ ಅಂಗಡಿಯಿಂದ, ಜೀವಂತವಾಗಿರುವುದನ್ನೇ ಕೊಳ್ಳಬೇಕು. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಬಳಚು ಆರಿಸಿದವರಿಗೆ, ಮಂಗಳೂರಿನಲ್ಲಿ ಮರುವಾಯಿ ತೊಳೆದವರಿಗೆ ಈ ನಿಯಮ ಹೊಸದಲ್ಲ: ಬಾಯಿ ಬಿಟ್ಟಿದ್ದು, ತಟ್ಟಿದರೂ ಮುಚ್ಚಿಕೊಳ್ಳದ್ದು ತಿಪ್ಪೆಗೆ.

ಫ್ರಾನ್ಸಿನಲ್ಲಿ ಸಿಂಪಿಗೆ ಅಂಕಿಗಳಿವೆ. ಅಂಕಿ ದೊಡ್ಡದಾದಷ್ಟೂ ಸಿಂಪಿ ಚಿಕ್ಕದು. 3ನೆಯ ನಂಬರಿನದು ಚಿಪ್ಪು ಸೇರಿ 66ರಿಂದ 85 ಗ್ರಾಂ ತೂಗುತ್ತದೆ. ಮೊದಲ ಸಲಕ್ಕೆ ಅದೇ ಸರಿ. ತಂದ ಮೇಲೆ ಗುಳಿಯಿರುವ ಚಿಪ್ಪು ಕೆಳಗಾಗುವಂತೆ ಮಲಗಿಸಿ, ಒದ್ದೆಬಟ್ಟೆ ಹೊದಿಸಿ ತಂಪಿನಲ್ಲಿಡಿ. ಸಿಹಿನೀರಿನಲ್ಲಿ ನೆನೆಹಾಕಿದರೆ ಸಾಯುತ್ತವೆ.

ತೆರೆಯುವ ಕ್ರಮ ಹೀಗೆ. ಎಡಗೈಗೆ ದಪ್ಪನೆಯ ಬಟ್ಟೆ ಸುತ್ತಿಕೊಂಡು, ಚಪ್ಪಟೆ ಚಿಪ್ಪು ಮೇಲೆ, ಕೀಲಿನ ಚೂಪು ನಿಮ್ಮತ್ತ ಇರುವಂತೆ ಹಿಡಿಯಿರಿ. ಕೀಲಿನಿಂದ ಮೂರನೇ ಎರಡು ಭಾಗ ಮೇಲಕ್ಕೆ, ಬಲಮಗ್ಗುಲಿನಲ್ಲಿ ಚಾಕುವಿನ ತುದಿಯನ್ನು ಒತ್ತಿ ತೂರಿಸಿ. ಬಲ ಬೇಡ, ತುಸು ಅಲುಗಾಡಿಸಿದರೆ ಸಂದು ಬಿಡುತ್ತದೆ. ಎರಡು ಚಿಪ್ಪುಗಳನ್ನು ಬಿಗಿಹಿಡಿದ ಸ್ನಾಯು ಅಲ್ಲಿಯೇ ಇರುವುದು. ಮೇಲಿನ ಚಿಪ್ಪಿಗೆ ತಾಗಿಸಿಕೊಂಡು ಚಾಕು ಆಡಿಸಿದರೆ ಅದು ಕತ್ತರಿಸಿ ಮುಚ್ಚಳ ಮೇಲೇಳುತ್ತದೆ. ಒಳಗಿನ ಮೊದಲ ನೀರನ್ನು ಚೆಲ್ಲಿಬಿಡಿ. ಹತ್ತು ನಿಮಿಷದಲ್ಲಿ ಅದು ತಾನೇ ಮತ್ತೆ ನೀರು ಬಿಡುತ್ತದೆ, ಆ ಎರಡನೆಯ ನೀರು ಹೆಚ್ಚು ರುಚಿ. ಮೂಗಿನ ಹತ್ತಿರ ಹಿಡಿಯಿರಿ. ಅಲೆ ಇಳಿದ ಬಂಡೆಯ ವಾಸನೆ ಬರಬೇಕು. ಬೇರೇನು ಬಂದರೂ ಎಸೆಯಿರಿ.

ನಿಂಬೆ ಎರಡು ಹನಿ ಸಾಕು. ಸಾಂಬಾರ್ ಈರುಳ್ಳಿ ಹೆಚ್ಚಿ ಹಾಕಿದ ವಿನೆಗರ್ ಕೂಡ ಜೊತೆಗೆ ಕೊಡುವುದುಂಟು. ಅದನ್ನು ಧಾರಾಳವಾಗಿ ಹಾಕಿಕೊಂಡರೆ ವೈನಿನ ಹುಳಿ ವಿನೆಗರಿನ ಹುಳಿಯ ಕೆಳಗೆ ಹೂತುಹೋಗುತ್ತದೆ, ಆದ್ದರಿಂದ ನಾನು ಮುಟ್ಟುವುದಿಲ್ಲ. ಸಿಂಪಿಯನ್ನು ಗುಳುಂ ಎಂದು ನುಂಗದೆ ನಾಲ್ಕು ಸಲ ಅಗಿಯಿರಿ, ಉಪ್ಪು ಹೋಗಿ ಸಿಹಿ ಬರುವವರೆಗೆ. ವೈನ್ ಗುಟುಕರಿಸಬೇಕಾದ್ದು ಆಗ.

ನಾಲ್ಕನೆಯ ಹೆಜ್ಜೆ: ಪಚ್ಚಿಲೆಯ ಪಾತ್ರೆ

ಹಸಿಯದು ಬೇಡವೆನ್ನುವವರಿಗೆ ಇದೇ ಸುಲಭದ ದಾರಿ. ಹೋಟೆಲಿನವರು ಮಸ್ಸೆಲ್ ಎನ್ನುವ, ತುಳುನಾಡಿನವರು ಪಚ್ಚಿಲೆ ಎನ್ನುವ ಚಿಪ್ಪುಜೀವಿ. ಇಬ್ಬರಿಗೆ ಒಂದು ಕಿಲೋ. ಚಿಪ್ಪು ಉಜ್ಜಿ, ನಾರು ಕಿತ್ತು, ಒಡೆದದ್ದನ್ನು ತೆಗೆದುಹಾಕಿ. ಅಗಲ ಪಾತ್ರೆಯಲ್ಲಿ ಒಂದು ಚಮಚ ಬೆಣ್ಣೆ ಕರಗಿಸಿ, ಮೂರು ನಾಲ್ಕು ಸಾಂಬಾರ್ ಈರುಳ್ಳಿಯನ್ನು ಬಣ್ಣ ಬಾರದಂತೆ ಬಾಡಿಸಿ, 150 ಮಿಲಿಲೀಟರ್ ಮ್ಯುಸ್ಕದೆ ಸುರಿದು ಜೋರಾಗಿ ಕುದಿಸಿ. ಪಚ್ಚಿಲೆ ಹಾಕಿ ಮುಚ್ಚಳ ಮುಚ್ಚಿ, ಪಾತ್ರೆಯನ್ನು ಎರಡು ಸಲ ಕುಲುಕಿ. ಮೂರರಿಂದ ಐದು ನಿಮಿಷದಲ್ಲಿ ಚಿಪ್ಪುಗಳು ಬಾಯಿ ತೆರೆಯುತ್ತವೆ, ತೆರೆಯದ್ದನ್ನು ತಿನ್ನಬೇಡಿ. ಮೇಲೆ ಪಾರ್ಸ್ಲಿ. ಉಪ್ಪು ಬೇಡ, ಅವುಗಳ ನೀರೇ ಉಪ್ಪು. ತಳದ ರಸಕ್ಕೆ ಬ್ರೆಡ್ಡು ಅದ್ದಿ ತಿನ್ನಲು ಮರೆಯಬೇಡಿ.

ಅಡುಗೆಗೆ ಹಾಕಿದ ವೈನನ್ನೇ ಲೋಟಕ್ಕೂ ಹಾಕಿ. ಸಾಧಾರಣ ಬಾಟಲಿ ಸಾಕು. ಕ್ಲಿಸೋಂ ತಂದು ಕುದಿಸುವುದು ಅದಕ್ಕೆ ಮಾಡುವ ಅನ್ಯಾಯ.

ಐದನೆಯ ಹೆಜ್ಜೆ: ಬೆಣ್ಣೆಯ ಸಾಸ್, ಬಿಳಿ ಮೀನು

ನಾಂತ್ ಸೀಮೆ ಜಗತ್ತಿಗೆ ಕೊಟ್ಟ ಅಡುಗೆ ‘ಬರ್ ಬ್ಲಾಂ’, ಅಂದರೆ ಬಿಳಿ ಬೆಣ್ಣೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಲ್ವಾರ್ ದಂಡೆಯ ಲ ಶೆಬ್ಯುಯೆತ್ ಎಂಬಲ್ಲಿ ಅಡುಗೆ ಮಾಡುತ್ತಿದ್ದ ಕ್ಲೆಮಾಂಸ್ ಲಫೆವ್ರ್ ಎಂಬ ಹೆಂಗಸು ಇದನ್ನು ಕಂಡುಹಿಡಿದರೆಂದು ಅಲ್ಲಿಯ ಪ್ರತೀತಿ. ಬೇರೊಂದು ಸಾಸ್ ಮಾಡಲು ಹೋಗಿ ಮೊಟ್ಟೆ ಹಾಕುವುದು ಮರೆತುಹೋಯಿತಂತೆ. ನದಿಯಲ್ಲಿ ಸಿಗುವ ಪೈಕ್ ಮೀನಿನ ಮೇಲೆ ಇದನ್ನು ಸುರಿಯುತ್ತಾರೆ. ನಮ್ಮವರು ಮಾಡುವುದಾದರೆ ಕಾಣೆ ಮೀನು ಚೆನ್ನಾಗಿ ಒಗ್ಗುತ್ತದೆ. ಮಸಾಲೆ ಸವರಬೇಡಿ, ಉಪ್ಪು ಹಚ್ಚಿ ಹಬೆಯಲ್ಲಿ ಬೇಯಿಸಿ.

ಸಾಸ್‌ಗೆ 60 ಗ್ರಾಂ ಸಾಂಬಾರ್ ಈರುಳ್ಳಿಯನ್ನು ಸಾಸಿವೆಯಷ್ಟು ಸಣ್ಣಗೆ ಹೆಚ್ಚಿ. 100 ಮಿಲಿಲೀಟರ್ ಮ್ಯುಸ್ಕದೆ, 50 ಮಿಲಿಲೀಟರ್ ಬಿಳಿ ವಿನೆಗರ್ ಜೊತೆ ಸಣ್ಣ ಉರಿಯಲ್ಲಿಟ್ಟು, ತಳದಲ್ಲಿ ಎರಡು ಚಮಚದಷ್ಟು ಮಾತ್ರ ಉಳಿಯುವವರೆಗೆ ಇಂಗಿಸಿ. ಅವಸರ ಮಾಡಿದರೆ ವಿನೆಗರಿನ ಘಾಟು ಉಳಿಯುತ್ತದೆ. ಈಗ ಉರಿಯನ್ನು ಅತಿ ಸಣ್ಣದು ಮಾಡಿ. ಫ್ರಿಜ್ಜಿನಿಂದ ಆಗತಾನೆ ತೆಗೆದ 200 ಗ್ರಾಂ ಬೆಣ್ಣೆಯ ತುಂಡುಗಳನ್ನು ಎರಡೆರಡಾಗಿ ಹಾಕುತ್ತ ಕೈಬಿಡದೆ ಕಡೆಯಿರಿ. ಒಂದು ತುಂಡು ಮಾಯವಾಗುವ ಮುನ್ನ ಇನ್ನೊಂದು. ಬೆಣ್ಣೆ ಕರಗಿ ಎಣ್ಣೆಯಾಗಬಾರದು, ಕೆನೆಯಾಗಬೇಕು. ಪಾತ್ರೆಯ ಹೊರಮೈಯನ್ನು ಮುಟ್ಟಿ ನೋಡಿ: ಕೈಯಿಡಲು ಆಗದಷ್ಟು ಬಿಸಿಯಾದರೆ ಕೂಡಲೇ ಕೆಳಗಿಳಿಸಿ ಕಡೆಯುತ್ತಲೇ ಇರಿ. ಅಂಚಿನಲ್ಲಿ ಹಳದಿ ತುಪ್ಪದ ಗೆರೆ ಕಾಣಿಸಿತೆಂದರೆ ಒಡೆಯಲು ಶುರುವಾಗಿದೆ ಎಂದರ್ಥ. ಒಂದು ಚಮಚ ತಣ್ಣೀರು ಹಾಕಿ ಬಿರುಸಾಗಿ ಕಡೆದರೆ ಹೆಚ್ಚಿನ ಸಲ ಮತ್ತೆ ಕೂಡಿಕೊಳ್ಳುತ್ತದೆ. ಕೊನೆಗೆ ಉಪ್ಪು, ಬಿಳಿ ಮೆಣಸು. ಮತ್ತೆ ಬಿಸಿ ಮಾಡುವ ಸಾಸ್ ಇದಲ್ಲ. ಊಟಕ್ಕೆ ಕುಳಿತವರು ಕಾಯಬೇಕೇ ಹೊರತು ಅದು ಕಾಯಬಾರದು.

ಇಲ್ಲಿಗೆ ಹಳ್ಳಿಯ ಹೆಸರಿನ ಬಾಟಲಿ ತೆಗೆಯಿರಿ. ಬೆಣ್ಣೆಯ ಜಿಡ್ಡಿಗೆ ಎಳೆಯ ವೈನಿನ ಹುಳಿ ಸಾಕಾಗಬಹುದು, ಆದರೆ ಅದರ ಮೈ ಸಾಲುವುದಿಲ್ಲ. ಎರಡು ವರ್ಷ ಗಸಿಯ ಮೇಲೆ ಮಲಗಿದ ಕ್ಲಿಸೋಂ ಆ ಕೆನೆಗೆ ಸಮನಾಗಿ ನಿಂತು, ಕೊನೆಯಲ್ಲಿ ಬಾಯಿಯನ್ನು ತೊಳೆದು ಮುಂದಿನ ತುತ್ತಿಗೆ ಸಿದ್ಧಮಾಡುತ್ತದೆ. ಮೀನು ತಿನ್ನದವರು ಇದೇ ಸಾಸನ್ನು ಬೇಯಿಸಿದ ಆಸ್ಪರಾಗಸ್, ಹೂಕೋಸು, ಎಳೆ ಆಲೂಗಡ್ಡೆಯ ಮೇಲೆ ಸುರಿದುಕೊಳ್ಳಿ, ಏನೂ ಕಳೆದುಕೊಂಡಂತಾಗುವುದಿಲ್ಲ.

ಇನ್ನಷ್ಟು ಜೊತೆಗಾರರು

ಡಬ್ಬಿಯ ಸಾರ್ಡಿನ್, ಉಪ್ಪುಬೆಣ್ಣೆ, ಬ್ರೆಡ್ಡು: ಐದು ನಿಮಿಷದ ಊಟ. ಸಾರ್ಡಿನ್ ಡಬ್ಬಿಯ ಉದ್ಯಮ ಬೆಳೆದದ್ದೂ ನಾಂತ್‌ನಲ್ಲಿಯೇ, 1820ರ ದಶಕದಲ್ಲಿ. ಫ್ರಾನ್ಸಿನ ಬ್ರಿಟನಿ ಸೀಮೆಯವರು ಬಕ್‌ವೀಟ್ (ಕುಟ್ಟು) ಹಿಟ್ಟಿನಿಂದ ಮಾಡುವ ದೋಸೆಗೆ ಚೀಸ್, ಮೊಟ್ಟೆ ಹಾಕಿದ್ದು ಹೊಂದುತ್ತದೆ. ಲ್ವಾರ್ ಕಣಿವೆಯ ಆಡಿನ ಹಾಲಿನ ಚೀಸ್, ಅದರಲ್ಲೂ ನಡುವೆ ಹುಲ್ಲಿನ ಕಡ್ಡಿ ತೂರಿಸಿದ ಸೆಂತ್ ಮೋರ್, ಮೀನು ತಿನ್ನದವರಿಗೆ ನಾನು ಹೇಳುವ ಮೊದಲ ಜೋಡಿ. ಜೊತೆಗೆ ನಾಂತ್‌ನ ಮಾಶ್ ಸೊಪ್ಪು, ಅಕ್ರೋಟು. ‘ಕ್ಯೂರೆ ನಾಂತೆ’ ಎಂಬ ಸ್ಥಳೀಯ ಚೀಸಿನ ವಾಸನೆ ಜೋರು. ಅದಕ್ಕೆ ಹಳೆಯ ಬಾಟಲಿಯೇ ಬೇಕು.

ನಮ್ಮ ಅಡುಗೆಮನೆಯಲ್ಲಿ ಎಲ್ಲವೂ ಇದಕ್ಕೆ ಸೇರುವುದಿಲ್ಲ. ಬ್ಯಾಡಗಿ ಮೆಣಸು, ಹುಣಸೆ ಹಾಕಿ ಅರೆದ ಕೆಂಪು ಗಸಿಯ ಮುಂದೆ ಮ್ಯುಸ್ಕದೆ ಬರೀ ಹುಳಿನೀರಾಗುತ್ತದೆ. ಆಲ್ಕೊಹಾಲ್ ಸಾಮಾನ್ಯವಾಗಿ ಶೇಕಡಾ 12ರ ಆಸುಪಾಸಿನಲ್ಲಿರುವುದರಿಂದ ಖಾರವನ್ನು ಬಹಳವೇನೂ ಕೆರಳಿಸುವುದಿಲ್ಲ, ಆದರೆ ಅದರ ದನಿ ಅಲ್ಲಿ ಕೇಳಿಸುವುದಿಲ್ಲ. ಉಪ್ಪು, ಅರಿಸಿನ ಮಾತ್ರ ಹಚ್ಚಿ ಗರಿಗರಿಯಾಗಿ ಕರಿದ ಭೂತಾಯಿ, ಬೆಳ್ಳುಳ್ಳಿ ಬೆಣ್ಣೆಯಲ್ಲಿ ಹುರಿದ ಸಿಗಡಿ, ತೆಂಗಿನಹಾಲಿನ ತೆಳು ಮೀನುಸಾರು, ಇವು ಒಗ್ಗುತ್ತವೆ. ಸಿಹಿತಿಂಡಿಯ ಜೊತೆ ಬೇಡವೇ ಬೇಡ. ಕುರಿಮಾಂಸದ ಜೊತೆಯೂ ಬೇಡ.

ಇಟ್ಟುಕೊಳ್ಳುವುದು

ಸ್ಯುರ್ ಲಿ ಬಾಟಲಿಯನ್ನು ಎರಡು ಮೂರು ವರ್ಷದೊಳಗೆ ತೆರೆಯಿರಿ. ಗೋರ್ಜ್‌ನಂಥದ್ದನ್ನು ತಂಪಾದ ಕತ್ತಲೆಯ ಜಾಗವಿದ್ದರೆ ಹತ್ತು ವರ್ಷ ಕಾಯಿಸಬಹುದು. ಜೇನು, ಒಣಹಣ್ಣಿನ ಛಾಯೆ ಬಂದಿರುತ್ತದೆ. ಅಡುಗೆಮನೆಯ ಕಪಾಟಿನ ಸೆಕೆಯಲ್ಲಿ ಆ ಪ್ರಯೋಗ ಬೇಡ. ತೆರೆದು ಉಳಿದದ್ದಕ್ಕೆ ಬಿರಡೆ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಚುರುಕಾಗಿರುತ್ತದೆ. ಮೂರನೆಯ ದಿನವೂ ಉಳಿದಿದ್ದರೆ ಒಂದು ಕಿಲೋ ಪಚ್ಚಿಲೆ ತನ್ನಿ.